ಚೀಟಿಯಲ್ಲಿ ಆರನೆಯ ಹೆಸರು



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಬಡ ಮನೆಗಳಲ್ಲಿ ಮಗುವಿನ ಹೃದಯದಲ್ಲಿ ರಂಧ್ರವಿದೆ ಎಂದು ವೈದ್ಯರು ಹೇಳಿದರೆ ಹಿಂದೆ ಎರಡೇ ದಾರಿಗಳಿದ್ದವು: ಹೊಲ ಮಾರುವುದು, ಇಲ್ಲವೇ ದೇವರ ಮೇಲೆ ಭಾರ ಹಾಕಿ ಸುಮ್ಮನಿರುವುದು. ಸರ್ಕಾರದ ನೆರವು ಬಂತು ನಿಜ, ಆದರೆ ಅದು ಮಗುವನ್ನು ಹುಡುಕಿಕೊಂಡು ಬರಲಿಲ್ಲ. ಅಪ್ಪ ಯಾರೆಂದು ಕೇಳುತ್ತಾ ಬಂತು.

2003ರ ಜೂನ್ 1ರಂದು ಆರಂಭವಾದ ಯಶಸ್ವಿನಿ, ಸಹಕಾರ ಸಂಘದ ಸದಸ್ಯರ ಕುಟುಂಬಕ್ಕೆ ತಿಂಗಳಿಗೆ ತಲಾ 5 ರೂಪಾಯಿ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆಯ ಭರವಸೆ ಕೊಟ್ಟಿತು. ದೊಡ್ಡ ಹೆಜ್ಜೆಯೇ ಸರಿ. ಆದರೆ ಸಂಘದ ಮೆಟ್ಟಿಲು ಹತ್ತದ ಕೂಲಿಕಾರನ ಮಗು ಹೊರಗೇ ಉಳಿಯಿತು. 2005ರ ಕೈಮಗ್ಗ ನೇಕಾರರ ವಿಮೆ ನೇಕಾರ, ಹೆಂಡತಿ, ಇಬ್ಬರು ಮಕ್ಕಳಿಗೆಂದು ವರ್ಷಕ್ಕೆ 15,000 ರೂಪಾಯಿಯ ಮಿತಿಯಲ್ಲಿ ಬಂತು. ರಾಮದುರ್ಗದ ಕಡೆ ಮಗ್ಗದ ಮನೆಯ ಮೂರನೆಯ ಕೂಸು ವಿಮೆಯ ಲೆಕ್ಕದಲ್ಲಿ ಹುಟ್ಟಿರಲೇ ಇಲ್ಲ!

2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಕರ್ನಾಟಕದಲ್ಲಿ ಮೊದಲು ಬಂದ ಐದು ಜಿಲ್ಲೆಗಳಲ್ಲಿ ನಮ್ಮ ಬೆಳಗಾವಿಯೂ ಒಂದು. 30 ರೂಪಾಯಿ ಕೊಟ್ಟರೆ ಸ್ಮಾರ್ಟ್ ಕಾರ್ಡು, ವರ್ಷಕ್ಕೆ 30,000 ರೂಪಾಯಿಯ ಚಿಕಿತ್ಸೆ. ಆದರೆ ಒಂದು ಮನೆಗೆ ಐವರು ಮಾತ್ರ. ಗಂಡ, ಹೆಂಡತಿ, ಅಜ್ಜಿ, ಮೂವರು ಮಕ್ಕಳಿರುವ ಮನೆಯನ್ನು ನೆನೆದು ನೋಡಿರಿ. ಬೆರಳಚ್ಚು ಕೊಡುವ ಸಾಲಿನಿಂದ ಯಾರನ್ನು ಹಿಂದಕ್ಕೆ ಕಳುಹಿಸುವುದು? ಅಜ್ಜಿಯನ್ನೋ, ಕಿರಿಯ ಕೂಸನ್ನೋ? ಆ ತೀರ್ಮಾನವನ್ನು ತಾಯಿಯ ತಲೆಗೆ ಕಟ್ಟಿದ್ದು ಒಂದು ಸರ್ಕಾರಿ ನಿಯಮ.

2010ರಲ್ಲಿ ಕಲಬುರಗಿ ವಿಭಾಗದ ನಂತರ ನಮ್ಮ ವಿಭಾಗಕ್ಕೂ ಬಂದ ವಾಜಪೇಯಿ ಆರೋಗ್ಯಶ್ರೀಯಲ್ಲಿಯೂ ಐವರ ಮಿತಿಯೇ ಇತ್ತು. ಆದರೂ ಹಣ ಕಟ್ಟಬೇಕಿರಲಿಲ್ಲ; ಬಿಪಿಎಲ್ ಚೀಟಿ ಸಾಕಿತ್ತು. ಹೃದಯ, ಕ್ಯಾನ್ಸರ್, ಸುಟ್ಟಗಾಯ, ನವಜಾತ ಶಿಶುಗಳ ಕಾಯಿಲೆಗಳಿಗೆ ಒಂದೂವರೆ ಲಕ್ಷದವರೆಗೆ ಉಚಿತ ಚಿಕಿತ್ಸೆ. ಯೋಜನೆಯಿದ್ದ ಊರುಗಳನ್ನೂ ಇನ್ನೂ ಬಾರದ ನೆರೆಯೂರುಗಳನ್ನೂ ಹೋಲಿಸಿದ ಸಂಶೋಧಕರು, ಇಂಥ ಕಾಯಿಲೆಗಳಿಂದ ಬಡವರ ಸಾವು ಶೇ. 64ರಷ್ಟು ಕಡಿಮೆಯಿತ್ತೆಂದು 2014ರಲ್ಲಿ ಪ್ರಕಟಿಸಿದರು.

ಐವರ ಮಿತಿ ಅಳಿದದ್ದು 2018ರ ಅಕ್ಟೋಬರ್ 30ರಂದು, ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಒಂದಾದಾಗ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಮನೆಯಲ್ಲಿ ಎಷ್ಟೇ ಜನರಿರಲಿ. ಆರನೆಯ ಹೆಸರಿಗೂ ಜಾಗವಾಯಿತು.

ಎಪಿಎಲ್ ಚೀಟಿಯವರಿಗೆ ಮಾತ್ರ ವೆಚ್ಚದ ಶೇ. 30ರಷ್ಟೇ ಸಿಗುತ್ತದೆ. ಸಣ್ಣ ಅಂಗಡಿಯವನೂ ಉಳಿದ 70 ಭಾಗಕ್ಕೆ ಸಾಲ ಹುಡುಕಬೇಕು. 2024ರಲ್ಲಿ ಕೇಂದ್ರ ಸರ್ಕಾರ 70 ವರ್ಷವಾದ ಹಿರಿಯರಿಗೆಲ್ಲ ಆದಾಯ ನೋಡದೆ ಆಯುಷ್ಮಾನ್ ರಕ್ಷಣೆ ಘೋಷಿಸಿತು, ಸಂತೋಷವೇ. ಏಳು ವರ್ಷದ ಮಗುವಿಗೆ ಮಾತ್ರ ಅಪ್ಪನ ಚೀಟಿ ಯಾವುದೆಂದು ಇನ್ನೂ ಕೇಳಲಾಗುತ್ತದೆ. ಅಂಥ ಮನೆಗಳವರು ಧರ್ಮಕೇಂದ್ರಕ್ಕೆ ಬಂದಾಗ ನಾವು ಈಗಲೂ ಶಿಫಾರಸು ಪತ್ರ ಬರೆದುಕೊಡುತ್ತಿದ್ದೇವೆ.