ಎಂಜಿನ್ ಓಡುತ್ತಿದೆ, ದೀಪ ಉರಿಯುತ್ತಿಲ್ಲ: ಜನರೇಟರ್ ದೋಷ ಹುಡುಕುವುದು ಹೇಗೆ?

ಬಳ್ಳಾರಿ: ಹೋಳಿ ಹುಣ್ಣಿಮೆಯ ಸುಮಾರಿಗೆ ನಡೆಯುವ ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಂತಹ ಸಂದರ್ಭಗಳಲ್ಲಿ ಡೇರೆ ಹಾಕಿ ಒಗ್ಗರಣೆ-ಮಿರ್ಚಿ, ಬಳೆ, ಆಟಿಕೆ ಮಾರುವವರ ರಾತ್ರಿಯ ವ್ಯಾಪಾರಕ್ಕೆ ಕೈಯಲ್ಲಿ ಎತ್ತಿ ಸಾಗಿಸಬಹುದಾದ ಪುಟ್ಟ ಪೆಟ್ರೋಲ್ ಜನರೇಟರ್ ಆಸರೆಯಾಗುತ್ತದೆ. ಸಿರುಗುಪ್ಪ ತಾಲ್ಲೂಕಿನಲ್ಲಿ ‘ಕ್ಯಾಂಪ್’ ಎಂದರೆ ವಿಹಾರದ ಬಿಡಾರವಲ್ಲ. ತುಂಗಭದ್ರಾ ಕಾಲುವೆಯ ನೀರು ಬಂದ ನಂತರ ರೈತರು ನೆಲೆನಿಂತ ವಸತಿಗಳಿಗೆ ಆ ಹೆಸರು. ಅಲ್ಲಿ ಭತ್ತದ ರಾಶಿ ಕಾಯುವ ರಾತ್ರಿಗೂ, ಬಳ್ಳಾರಿ ನಗರದಲ್ಲಿ ವಿದ್ಯುತ್ ಕಡಿತದ ಹೊತ್ತಿನಲ್ಲಿ ಸಣ್ಣ ಅಂಗಡಿಗೂ ಇದೇ ಯಂತ್ರ ಬೇಕು. ಎಂಜಿನ್ ಸದ್ದು ಮಾಡುತ್ತಿದ್ದರೂ ದೀಪ ಉರಿಯದಿದ್ದಾಗ ಯಂತ್ರ ಸುಟ್ಟಿತೆಂದು ರಿಪೇರಿಗೆ ಹೊತ್ತೊಯ್ಯುವವರೇ ಹೆಚ್ಚು. ಆದರೆ ಬಹಳಷ್ಟು ಸಲ ದೋಷವಿರುವುದು ಯಂತ್ರದಲ್ಲಲ್ಲ, ಅದಕ್ಕೆ ತಗುಲಿಸಿದ ತಂತಿ ಮತ್ತು ಉಪಕರಣಗಳಲ್ಲಿ.

ಆದ್ದರಿಂದ ಮೊದಲು ಮಾಡಬೇಕಾದುದು ಜನರೇಟರಿನಿಂದ ಎಲ್ಲ ಪ್ಲಗ್‌ಗಳನ್ನೂ ಕಳಚುವುದು. ಅದರ ಮೇಲಿರುವ ಎಂ.ಸಿ.ಬಿ. ಅಥವಾ ಒತ್ತುಗುಂಡಿಯ ಬ್ರೇಕರ್ ಬಿದ್ದಿದ್ದರೆ ಮೇಲೆತ್ತಿ, ಎಂಜಿನ್ ಎರಡು ಮೂರು ನಿಮಿಷ ಓಡಿದ ಮೇಲೆ ಸುಸ್ಥಿತಿಯಲ್ಲಿರುವ ಒಂದೇ ಒಂದು ಬಲ್ಬನ್ನು ನೇರವಾಗಿ ಹಚ್ಚಿ ನೋಡಬೇಕು. ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. 230 ವೋಲ್ಟ್ ಆಸುಪಾಸು ತೋರಿಸಿದರೆ ಯಂತ್ರ ಸರಿಯಾಗಿದೆ ಎಂದೇ ಅರ್ಥ. ಬಳಿಕ ಉಪಕರಣಗಳನ್ನು ಒಂದೊಂದಾಗಿ ಸೇರಿಸುತ್ತ ಹೋದರೆ, ಯಾವುದನ್ನು ಹಚ್ಚಿದಾಗ ಬ್ರೇಕರ್ ಬೀಳುತ್ತದೆಯೋ ಅಲ್ಲಿಯೇ ದೋಷವನ್ನು ಹುಡುಕಬೇಕು. ಬಿದ್ದ ಬ್ರೇಕರನ್ನು ಮತ್ತೆ ಮತ್ತೆ ಬಲವಂತವಾಗಿ ಎತ್ತುವುದು, ಅದನ್ನು ಬಿಟ್ಟು ನೇರ ತಂತಿ ಕಟ್ಟುವುದು ಬೆಂಕಿಯನ್ನು ಕರೆದಂತೆ.

ಭಾರದ ಲೆಕ್ಕ

2 ಕೆ.ವಿ.ಎ. ಎಂದು ಬರೆದಿರುವ ಯಂತ್ರದಿಂದ 2000 ವ್ಯಾಟ್ ಸಿಗುತ್ತದೆಂಬ ಭಾವನೆ ಸಾಮಾನ್ಯ. ಪವರ್ ಫ್ಯಾಕ್ಟರ್ 0.8 ಎಂದು ಹಿಡಿದರೆ ಸಿಗುವುದು 1600 ವ್ಯಾಟ್ ಮಾತ್ರ. 500 ವ್ಯಾಟಿನ ನಾಲ್ಕು ಹ್ಯಾಲೊಜನ್ ದೀಪ ಹಚ್ಚಿದರೆ ಅಲ್ಲಿಗೇ ಮಿತಿ ಮೀರಿತು. ಅದೇ ಬೆಳಕಿಗೆ 50 ವ್ಯಾಟಿನ ಎಲ್.ಇ.ಡಿ. ದೀಪಗಳು ಸಾಕು. ಮೋಟಾರುಗಳದ್ದು ಬೇರೆಯೇ ಕಥೆ. ಒಂದು ಅಶ್ವಶಕ್ತಿಯ ಪಂಪು ಓಡುವಾಗ ಸುಮಾರು 1 ಕಿಲೋವ್ಯಾಟ್ ಬಳಸಿದರೂ, ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಗುಂಯ್ ಎಂದು ನಿಂತುಬಿಡುವ ಪಂಪಿನಲ್ಲಿ ಕೆಟ್ಟಿರುವುದು ಏನೂ ಇಲ್ಲದಿರಬಹುದು. ಜನರೇಟರಿನ ಶಕ್ತಿ ಸಾಲದಾಗಿರುತ್ತದೆ. ಬಳ್ಳಾರಿಯ ಜೀನ್ಸ್ ಹೊಲಿಗೆ ಮನೆಗಳಲ್ಲಿ ಎಲ್ಲ ಯಂತ್ರಗಳನ್ನೂ ಒಟ್ಟಿಗೆ ಚಾಲೂ ಮಾಡದೆ ಒಂದರ ನಂತರ ಒಂದನ್ನು ಆರಂಭಿಸುವುದು ಇದೇ ಕಾರಣಕ್ಕಾಗಿ ಒಳಿತು. ನಮ್ಮ ಬೇಸಿಗೆಯ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಎಂಜಿನ್ ತನ್ನ ಪೂರ್ಣ ಶಕ್ತಿ ಕೊಡುವುದಿಲ್ಲವೆಂಬುದೂ ನೆನಪಿರಲಿ.

ಶಬ್ದಕ್ಕೆ ಬೇಸತ್ತು ಜನರೇಟರನ್ನು ದೂರವಿಟ್ಟು ತೆಳು ತಂತಿ ಎಳೆದಾಗ ಇನ್ನೊಂದು ತೊಂದರೆ ಎದುರಾಗುತ್ತದೆ. 1 ಚದರ ಮಿ.ಮೀ. ತಾಮ್ರದ ತಂತಿಯನ್ನು 60 ಮೀಟರ್ ಎಳೆದು 8 ಆಂಪಿಯರ್ ಹರಿಸಿದರೆ ಹೋಗಿ ಬರುವ ದಾರಿಯಲ್ಲಿಯೇ ಸುಮಾರು 17 ವೋಲ್ಟ್ ನಷ್ಟವಾಗುತ್ತದೆ. 2.5 ಚದರ ಮಿ.ಮೀ. ತಂತಿಯಾದರೆ ನಷ್ಟ 7 ವೋಲ್ಟ್. ಸುರುಳಿ ಬಿಚ್ಚದೆ ಬಳಸಿದ ತಂತಿ ಕಾದು ಅದರ ಹೊದಿಕೆ ಕರಗುವುದೂ ಉಂಟು.

ಬೆಳಕು ಉಸಿರಾಡುವಂತೆ ಏರಿಳಿದರೆ ದೋಷ ವಿದ್ಯುತ್ತಿನದ್ದಲ್ಲ, ಎಂಜಿನ್ ವೇಗದ್ದು. ನಮ್ಮಲ್ಲಿ ಹೆಚ್ಚು ಬಳಕೆಯ ಸಾಮಾನ್ಯ ಮಾದರಿಗಳು ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗಿದರೆ 50 ಹರ್ಟ್ಸ್ ದೊರೆಯುತ್ತದೆ. ಧೂಳು ತುಂಬಿದ ಏರ್ ಫಿಲ್ಟರ್, ಹಳೆಯ ಪೆಟ್ರೋಲಿನಿಂದ ಕಟ್ಟಿದ ಕಾರ್ಬುರೇಟರ್ ಇವೆರಡನ್ನು ಮೊದಲು ನೋಡಬೇಕು. ವೋಲ್ಟೇಜ್ ಹೆಚ್ಚಿಸಲು ಗವರ್ನರ್ ಸ್ಕ್ರೂ ತಿರುಗಿಸುವ ಚಾಳಿ ಟಿ.ವಿ., ಚಾರ್ಜರುಗಳನ್ನು ಸುಡುತ್ತದೆ.

ಭಾರವನ್ನೆಲ್ಲ ಕಳಚಿದರೂ ಮೀಟರ್ ಕೆಲವೇ ವೋಲ್ಟ್ ತೋರಿಸಿದರೆ ಮಾತ್ರ ಯಂತ್ರದ ಒಳಗನ್ನು ಶಂಕಿಸಬೇಕು. ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದ ಜನರೇಟರಿನ ರೋಟರು ತನ್ನಲ್ಲಿ ಉಳಿದಿದ್ದ ಅಲ್ಪ ಕಾಂತತ್ವವನ್ನು ಕಳೆದುಕೊಂಡಿರಬಹುದು, ಕಾರ್ಬನ್ ಬ್ರಷ್ ಸವೆದಿರಬಹುದು, ಎ.ವಿ.ಆರ್. ಅಥವಾ ಕೆಪಾಸಿಟರ್ ಕೆಟ್ಟಿರಬಹುದು. 12 ವೋಲ್ಟ್ ಬ್ಯಾಟರಿಯಿಂದ ಕ್ಷಣಕಾಲ ಕರೆಂಟ್ ಕೊಟ್ಟು ಕಾಂತತ್ವ ಮರಳಿಸುವ ಕ್ರಮ ಮೆಕ್ಯಾನಿಕರಿಗೆ ಗೊತ್ತಿದೆ. ಪ್ಲಸ್-ಮೈನಸ್ ಅದಲುಬದಲಾದರೆ ಎ.ವಿ.ಆರ್. ಹಾಳಾಗಬಹುದಾದ್ದರಿಂದ ಅದನ್ನು ಅವರಿಗೇ ಬಿಡುವುದು ಲೇಸು. ಕೆಪಾಸಿಟರ್ ಎಂಜಿನ್ ನಿಂತ ಮೇಲೂ ಹೊಡೆಯಬಲ್ಲದು.

ಜೀವಕ್ಕೆ ಎರವಾಗುವ ತಂತಿ

ಅನೇಕ ಸಣ್ಣ ಜನರೇಟರುಗಳಲ್ಲಿ ನ್ಯೂಟ್ರಲ್ ಭೂಮಿಗೆ ಸೇರಿರುವುದಿಲ್ಲ. ಹೀಗಾಗಿ ಟೆಸ್ಟರ್ ಎರಡೂ ರಂಧ್ರಗಳಲ್ಲಿ ಮಂದವಾಗಿ ಬೆಳಗಿ ಗೊಂದಲ ಹುಟ್ಟಿಸುತ್ತದೆ. ಇಂಥ ಜೋಡಣೆಯಲ್ಲಿ ಇ.ಎಲ್.ಸಿ.ಬಿ. ಹಾಕಿದರೂ ಮೊದಲ ಸೋರಿಕೆಗೆ ಅದು ಬೀಳದಿರಬಹುದು. ಆದ್ದರಿಂದ ಕಬ್ಬಿಣದ ಕಂಬದ ಡೇರೆಗೆ ವಿದ್ಯುತ್ ಕೊಡುವ ಮುನ್ನ ನ್ಯೂಟ್ರಲ್ ಮತ್ತು ಭೂಸಂಪರ್ಕದ ಜೋಡಣೆಯನ್ನು ಪರವಾನಗಿ ಪಡೆದ ವೈರ್‌ಮನ್‌ನಿಂದಲೇ ಮಾಡಿಸಬೇಕು. ಬೇಸಿಗೆಯಲ್ಲಿ ಎರೆಮಣ್ಣು ಒಣಗಿ ಬಿರುಕು ಬಿಡುವುದರಿಂದ ಸರಳು ತೇವವಿರುವ ಆಳಕ್ಕೆ ಇಳಿಯಬೇಕು, ಸುತ್ತಲೂ ನೀರು ಹಾಕಬೇಕು.

ಇದಕ್ಕಿಂತಲೂ ಘೋರವಾದುದು ಎರಡೂ ತುದಿಗೆ ಪ್ಲಗ್ ಕಟ್ಟಿದ ತಂತಿಯಿಂದ ಮನೆಯ ಸಾಕೆಟ್ಟಿಗೆ ಜನರೇಟರ್ ಜೋಡಿಸುವ ಅಭ್ಯಾಸ. ಮೇನ್ ಸ್ವಿಚ್ ಆರಿಸಲು ಮರೆತರೆ ಕರೆಂಟ್ ಬೀದಿಯ ತಂತಿಗೆ ಹಿಮ್ಮುಖವಾಗಿ ಹರಿಯುತ್ತದೆ. ಪರಿವರ್ತಕದ ಮೂಲಕ ಹಾದು 11 ಕೆ.ವಿ. ಮಾರ್ಗದಲ್ಲಿ ಅದು ಸಾವಿರಾರು ವೋಲ್ಟ್ ಆಗಬಲ್ಲದು. ಲೈನ್ ಸ್ಥಗಿತವಾಗಿದೆ ಎಂದು ನಂಬಿ ಕಂಬವೇರಿದ ಜೆಸ್ಕಾಂ ಲೈನ್‌ಮ್ಯಾನ್‌ಗೆ ಅದೇ ಮೃತ್ಯು. ಪೂರೈಕೆ ಮರಳಿ ಬಂದ ಕ್ಷಣ ಜನರೇಟರೂ ಸುಡುತ್ತದೆ. ಚೇಂಜೋವರ್ ಸ್ವಿಚ್ಚಿನ ಬೆಲೆ ಜನರೇಟರಿನ ಬೆಲೆಯ ಒಂದು ಸಣ್ಣ ಪಾಲಷ್ಟೆ. ಅದನ್ನು ಉಳಿಸಲು ಹೊರಡುವವರಿಗೆ ಏನು ಹೇಳುವುದು?

ಮಳೆ ಬಂತೆಂದು ಯಂತ್ರವನ್ನು ಡೇರೆಯೊಳಗೆ ತರುವುದೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಮಲಗುವ ಜಾಗದಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಹೊಗೆ ಕೊಳವೆ ಆಚೆ ಮುಖವಾಗಿರುವಂತೆ, ಗಾಳಿಯಾಡುವ ಸೂರಿನ ಕೆಳಗೆ ಇಡಬೇಕು. ಪೆಟ್ರೋಲ್ ಹಾಕುವುದು ಎಂಜಿನ್ ಆರಿಸಿ ತಣ್ಣಗಾದ ನಂತರವೇ.

ಜಾತ್ರೆ ಮುಗಿದ ಮೇಲೆ ಟ್ಯಾಂಕು, ಕಾರ್ಬುರೇಟರುಗಳ ಪೆಟ್ರೋಲ್ ಬಸಿದು ಇಟ್ಟರೆ ಮುಂದಿನ ವರ್ಷ ಅರ್ಧ ತೊಂದರೆ ತಪ್ಪುತ್ತದೆ. ಆಗಾಗ ಬೇಕಾಗುವವರು ತಿಂಗಳಿಗೊಮ್ಮೆ ಒಂದೆರಡು ದೀಪ ಹಚ್ಚಿ ಹತ್ತು ಹದಿನೈದು ನಿಮಿಷ ಓಡಿಸಿದರೆ ಕಾಂತತ್ವವೂ ಉಳಿಯುತ್ತದೆ.