ಸಮೂಹದೊಳಗಿನ ದನಿಗಳು: ರಷ್ಯನ್ ವೃಂದಗಾನ ಮತ್ತು ಧ್ವನಿಮುದ್ರಣದ ಚರಿತ್ರೆ

ರಷ್ಯಾದ ವಾದ್ಯವೃಂದ ಮತ್ತು ವೃಂದಗಾನದ ಧ್ವನಿಮುದ್ರಿಕೆಗಳಿಗೆ ಪಾಶ್ಚಾತ್ಯ ಸಂಗೀತಾಸಕ್ತರ ವಲಯದಲ್ಲಿ ವಿಶಿಷ್ಟವಾದ ಸ್ಥಾನವಿದೆ. ಫಿರಂಗಿಗಳ ಗರ್ಜನೆ, ಚರ್ಚಿನ ಗಂಟೆಗಳ ಮೊಳಗು, ಅತಿಮಂದ್ರದಲ್ಲಿ ಹಾಡುವ ಪುರುಷಕಂಠಗಳು ಇವೆಲ್ಲವನ್ನೂ ಒಂದೇ ಮುದ್ರಿಕೆಯಲ್ಲಿ ಹಿಡಿದಿಡುವುದು ಧ್ವನಿಮುದ್ರಣ ಕಲೆಗೆ ಒಡ್ಡಿದ ಸವಾಲೆಂದೇ ಪರಿಗಣಿತವಾಗಿದೆ. ಹೀಗಾಗಿ ‘ಚೆನ್ನಾಗಿ ಮುದ್ರಿತವಾದುದು’ ಎಂಬ ಮಾತು ಬಹುಮಟ್ಟಿಗೆ ನಾದದ ಅಬ್ಬರವನ್ನು ಕುರಿತ ಪ್ರಶಂಸೆಯಾಗಿ ಬಳಕೆಗೊಂಡಿದೆ. ಆದರೆ ಈ ಸಂಗೀತದ ಬೇರುಗಳು ರೈತರ ಹಾಡಿನಲ್ಲಿ ಹಾಗೂ ವಾದ್ಯಗಳ ನೆರವಿಲ್ಲದ ಆರ್ಥೊಡಾಕ್ಸ್ ಚರ್ಚಿನ ಗಾಯನದಲ್ಲಿ ಇವೆ. ಆ ಪರಂಪರೆಗಳ ನೆಲೆಯಿಂದ ಆಲಿಸಿದಾಗ ಬೇರೊಂದು ಅಳತೆಗೋಲು ದೊರೆಯುತ್ತದೆ. ಸಮೂಹದೊಳಗಿನ ಒಂದೊಂದು ದನಿಯೂ ಕೇಳುಗನಿಗೆ ಪ್ರತ್ಯೇಕವಾಗಿ ದಕ್ಕುತ್ತದೆಯೇ ಎಂಬುದೇ ಆ ಅಳತೆಗೋಲು. ರಷ್ಯಾದಲ್ಲಿ ಈ ಪ್ರಶ್ನೆಯನ್ನು ಮೊದಲು ಎದುರಿಸಿದವರು ಜನಪದ ಗೀತೆಗಳ ಸಂಗ್ರಾಹಕರು ಎಂಬುದು ಗಮನಾರ್ಹ.

ಪಿಯಾನೊದಿಂದ ಫೋನೊಗ್ರಾಫಿಗೆ

ರಷ್ಯನ್ ಜನಪದ ಗೀತೆಗಳ ಆರಂಭಿಕ ಸಂಗ್ರಹಗಳಲ್ಲಿ ೧೭೯೦ರಲ್ಲಿ ಪ್ರಕಟವಾದ ಲ್ವೋವ್ ಮತ್ತು ಪ್ರಾಚ್ ಅವರ ಸಂಗ್ರಹ ಪ್ರಸಿದ್ಧವಾದುದು. ಬಾಲಾಕಿರೆವ್ ೧೮೬೬ರಲ್ಲಿ ೪೦ ಗೀತೆಗಳನ್ನೂ ಅನಂತರದ ದಶಕದಲ್ಲಿ ರಿಮ್‌ಸ್ಕಿ ಕೊರ್ಸಕೊವ್ ೧೦೦ ಗೀತೆಗಳನ್ನೂ ಪ್ರಕಟಿಸಿದರು. ಇವುಗಳ ಸಾಮಾನ್ಯ ಲಕ್ಷಣವೆಂದರೆ ಒಂದೇ ಒಂದು ಧಾಟಿ ಮತ್ತು ಅದರ ಕೆಳಗೆ ಸಂಯೋಜಕ ರಚಿಸಿದ ಪಿಯಾನೊ ಸಾಥಿ. ಹಳ್ಳಿಯಲ್ಲಿ ಹಲವರು ಕೂಡಿ ಹಾಡುತ್ತಿದ್ದ ಹಾಡು ಪುಸ್ತಕಕ್ಕೆ ಬರುವಾಗ ಒಬ್ಬರ ಹಾಡಾಗುತ್ತಿತ್ತು. ಉಳಿದ ದನಿಗಳ ಜಾಗವನ್ನು ಪಿಯಾನೊ ಆಕ್ರಮಿಸುತ್ತಿತ್ತು.

ರಷ್ಯಾದ ರೈತಗೀತೆಗಳಲ್ಲಿ ಮುಖ್ಯ ಗಾಯಕ ಅಥವಾ ಗಾಯಕಿ ಹಾಡನ್ನು ಎತ್ತಿಕೊಂಡ ಬಳಿಕ ಉಳಿದವರು ಅದೇ ಧಾಟಿಯಿಂದ ಕವಲೊಡೆದು ತಮ್ಮದೇ ದಾರಿಯಲ್ಲಿ ಸಾಗುತ್ತಾರೆ. ಸಾಲಿನ ಕೊನೆಯಲ್ಲಿ ಮತ್ತೆ ಒಂದೇ ಸ್ವರದಲ್ಲಿ ಕೂಡಿಕೊಳ್ಳುತ್ತಾರೆ. ಈ ಕವಲುದನಿಗಳಿಗೆ ‘ಪೊದ್ಗೊಲೋಸ್ಕಿ’ ಎಂದು ಹೆಸರು. ಕನ್ನಡದ ‘ಹಿಮ್ಮೇಳ’ ಎಂಬ ಪರಿಭಾಷೆಯನ್ನು ಇದಕ್ಕೆ ಸಮಾನವಾಗಿ ಬಳಸುವುದು ಸರಿಯಾಗದು. ನಮ್ಮ ಜನಪದ ಗಾಯನದಲ್ಲಿ ಹಿಮ್ಮೇಳದವರು ಸಾಮಾನ್ಯವಾಗಿ ಮುಮ್ಮೇಳದ ಸೊಲ್ಲನ್ನು ಅದೇ ಧಾಟಿಯಲ್ಲಿ ಮರುನುಡಿಯುತ್ತಾರೆ. ಪೊದ್ಗೊಲೋಸ್ಕಿಯಲ್ಲಾದರೋ ಹಲವು ಧಾಟಿಗಳು ಏಕಕಾಲದಲ್ಲಿ ನಡೆಯುತ್ತವೆ. ಯೂಲಿ ಮೆಲ್ಗುನೊವ್ ೧೮೭೯ರ ತಮ್ಮ ಸಂಗ್ರಹದಲ್ಲಿ ಈ ದನಿಗಳನ್ನು ದಾಖಲಿಸಲು ಯತ್ನಿಸಿದರು. ಆದರೆ ಬರಿಯ ಕಿವಿಯಿಂದ ಅವನ್ನೆಲ್ಲ ಒಮ್ಮೆಗೇ ಹಿಂಬಾಲಿಸುವುದು ಸುಲಭಸಾಧ್ಯವಾಗಿರಲಿಲ್ಲ.

ಈ ತೊಡಕಿಗೆ ಯಂತ್ರದ ನೆರವಿನಿಂದ ಪರಿಹಾರ ಹುಡುಕಿದವರು ಗಾಯಕಿ ಹಾಗೂ ಸಂಗ್ರಾಹಕಿ ಯೆವ್ಗೇನಿಯಾ ಲಿನ್ಯೋವಾ (೧೮೫೩–೧೯೧೯). ೧೮೯೭ರಿಂದ ಅವರು ಫೋನೊಗ್ರಾಫಿನೊಡನೆ ಕ್ಷೇತ್ರಕಾರ್ಯ ಕೈಗೊಂಡರು. ಮೇಣದ ಉರುಳೆಯೊಂದರಲ್ಲಿ ಕೆಲವೇ ನಿಮಿಷಗಳ ಹಾಡು ಹಿಡಿಯುತ್ತಿತ್ತು. ನಾದದ ಗುಣ ತೀರ ಒರಟಾಗಿರುತ್ತಿತ್ತು. ಆದರೂ ಒಂದೇ ಪ್ರಸ್ತುತಿಯನ್ನು ಮತ್ತೆ ಮತ್ತೆ ಕೇಳುವ ಅವಕಾಶ ದೊರೆತುದರಿಂದ ಪ್ರತಿಯೊಂದು ದನಿಯನ್ನೂ ಬಿಡಿಸಿ ಬರೆಯುವುದು ಸಾಧ್ಯವಾಯಿತು. ಅವರ ಸಂಗ್ರಹದ ಎರಡು ಭಾಗಗಳನ್ನು ರಷ್ಯಾದ ವಿಜ್ಞಾನ ಅಕಾಡೆಮಿ ೧೯೦೪ ಮತ್ತು ೧೯೦೯ರಲ್ಲಿ ಹೊರತಂದಿತು. ಹಾಡಿಗೆ ಸಾಥಿಯನ್ನು ಹೊರಗಿನಿಂದ ತರಬೇಕಾಗಿಲ್ಲ, ಅದು ಹಾಡುಗಾರರಲ್ಲಿಯೇ ಇದೆ ಎಂಬುದು ಈ ಸಂಪುಟಗಳಿಂದ ಸ್ಪಷ್ಟವಾಯಿತು. ಸ್ಫುಟತೆಯಲ್ಲಿ ಹೀನವಾದ ಈ ಮುದ್ರಣಗಳು ಸಮೂಹದೊಳಗಿನ ದನಿಗಳನ್ನು ಗುರುತಿಸುವ ದೃಷ್ಟಿಯಿಂದ ಅತ್ಯಂತ ಸಮರ್ಥವಾದವು ಎನ್ನಬೇಕು.

ಸಿನೋದ್ ವೃಂದ ಮತ್ತು ‘ಇಡೀ ರಾತ್ರಿಯ ಜಾಗರಣೆ’

ಇದೇ ಅವಧಿಯಲ್ಲಿ ಮಾಸ್ಕೊದ ಸಿನೋದ್ ಗಾಯನಶಾಲೆಯಲ್ಲಿ ಚರ್ಚಿನ ಪ್ರಾಚೀನ ಗಾಯನದ ಪುನಶ್ಶೋಧನೆ ನಡೆದಿತ್ತು. ೧೮೮೯ರಿಂದ ೧೯೦೧ರವರೆಗೆ ಅದರ ನಿರ್ದೇಶಕರಾಗಿದ್ದ ಸ್ತೆಪಾನ್ ಸ್ಮೊಲೆನ್‌ಸ್ಕಿ ‘ಜ್ನಾಮೆನ್ನಿ’ ಎಂಬ ಹಳೆಯ ಗಾಯನಪದ್ಧತಿಯ ಹಸ್ತಪ್ರತಿಗಳ ಸಂಗ್ರಹ ಹಾಗೂ ಅಧ್ಯಯನದಲ್ಲಿ ತೊಡಗಿದ್ದರು. ಅದೇ ಶಾಲೆಯ ಅಲೆಕ್ಸಾಂದರ್ ಕಸ್ತಾಲ್‌ಸ್ಕಿ ರೈತಗೀತೆಯ ಕವಲುದನಿಗಳ ರೀತಿಯನ್ನು ಚರ್ಚಿನ ವೃಂದಗಾನಕ್ಕೆ ಅಳವಡಿಸಿದರು. ೧೯೦೬ರಲ್ಲಿ ಮಾಸ್ಕೊದಲ್ಲಿ ಆರಂಭವಾದ ಜನತಾ ಸಂಗೀತಶಾಲೆಯಲ್ಲಿ ಲಿನ್ಯೋವಾ ಮತ್ತು ಕಸ್ತಾಲ್‌ಸ್ಕಿ ಇಬ್ಬರೂ ದುಡಿದರು. ಹಳ್ಳಿಯ ಹಾಡಿನ ಅಧ್ಯಯನ ಮತ್ತು ಚರ್ಚಿನ ಗಾಯನದ ಸುಧಾರಣೆ ಪರಸ್ಪರ ದೂರವಿರಲಿಲ್ಲ ಎಂಬುದಕ್ಕೆ ಇದು ನಿದರ್ಶನ.

ಸೆರ್ಗೆಯ್ ರಾಖ್‌ಮನಿನೊವ್ ಅವರ ‘ಇಡೀ ರಾತ್ರಿಯ ಜಾಗರಣೆ’ ಈ ವಾತಾವರಣದ ಫಲ. ಸ್ಮೊಲೆನ್‌ಸ್ಕಿಯವರ ಸ್ಮರಣೆಗೆ ಅರ್ಪಿತವಾದ ಈ ಕೃತಿಯ ೧೫ ಭಾಗಗಳಲ್ಲಿ ೧೦ ಹಳೆಯ ಧಾಟಿಗಳನ್ನು ಆಧರಿಸಿವೆ. ಚರ್ಚಿನೊಳಗೆ ವಾದ್ಯಗಳಿಗೆ ಅವಕಾಶವಿಲ್ಲದ ಕಾರಣ ಇಲ್ಲಿ ಕಂಠವೇ ವಾದ್ಯವೃಂದದ ಕೆಲಸವನ್ನೂ ನಿರ್ವಹಿಸಬೇಕಾಗುತ್ತದೆ. ಏಳನೆಯ ಭಾಗದಲ್ಲಿ ಕವಲೊಡೆದ ದನಿಗಳು ಗಂಟೆಗಳ ನಾದವನ್ನು ನೆನಪಿಸುತ್ತವೆ. ಐದನೆಯ ಭಾಗದ ಕೊನೆಯಲ್ಲಿ ಮಂದ್ರಕಂಠಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಸೆಕೆಂಡಿಗೆ ಸುಮಾರು ೫೮ ಕಂಪನಗಳ ಸ್ವರದಲ್ಲಿ ನಿಲ್ಲುತ್ತವೆ. ತನ್ನ ಅಂತ್ಯಸಂಸ್ಕಾರದಲ್ಲಿ ಈ ಭಾಗವನ್ನು ಹಾಡಬೇಕೆಂಬುದು ಸಂಯೋಜಕರ ಬಯಕೆಯಾಗಿತ್ತು.

೧೯೧೫ರ ಮಾರ್ಚ್‌ನಲ್ಲಿ ನಿಕೊಲಾಯ್ ದನೀಲಿನ್ ಅವರ ನಿರ್ದೇಶನದಲ್ಲಿ ಪುರುಷರು ಮತ್ತು ಬಾಲಕರನ್ನೊಳಗೊಂಡ ಸಿನೋದ್ ವೃಂದ ಇದನ್ನು ಮೊದಲ ಬಾರಿಗೆ ಹಾಡಿತು. ಒಂದು ತಿಂಗಳೊಳಗೆ ಇನ್ನೂ ಐದು ಪ್ರದರ್ಶನಗಳು ನಡೆದವು. ಆ ಕಾಲದ ಧ್ವನಿಮುದ್ರಣ ಕಹಳೆಯನ್ನು ಅವಲಂಬಿಸಿತ್ತು. ದೊಡ್ಡ ವೃಂದದ ನಾದವಾಗಲಿ ಅಷ್ಟು ಕೆಳಗಿನ ಸ್ವರವಾಗಲಿ ಕಹಳೆಗೆ ಹಿಡಿಸುವಂತಿರಲಿಲ್ಲ. ಮೈಕ್ರೊಫೋನ್ ಆಧರಿಸಿದ ವಿದ್ಯುತ್ ಧ್ವನಿಮುದ್ರಣ ೧೯೨೫ರಲ್ಲಿ ಬಳಕೆಗೆ ಬರುವ ವೇಳೆಗೆ ಸಿನೋದ್ ವೃಂದವೇ ಇರಲಿಲ್ಲ. ಕ್ರಾಂತಿಯ ಬಳಿಕ, ೧೯೧೮ರಲ್ಲಿ, ಗಾಯನಶಾಲೆ ಜನತಾ ವೃಂದಗಾನ ಅಕಾಡೆಮಿಯಾಗಿ ಮಾರ್ಪಟ್ಟು ೧೯೨೩ರಲ್ಲಿ ಕೊನೆಗೊಂಡಿತು. ಯಾವ ದನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕೃತಿ ರಚಿತವಾಯಿತೋ ಆ ದನಿಗಳಲ್ಲಿ ಅದರ ಪೂರ್ಣ ಮುದ್ರಣ ದೊರೆಯದೇ ಹೋಯಿತು.

ಎರಡು ಮುದ್ರಿಕೆಗಳು: ೧೯೬೫ ಮತ್ತು ೧೯೬೬

‘ಜಾಗರಣೆ’ಯ ಮೊದಲ ಪೂರ್ಣ ಧ್ವನಿಮುದ್ರಣ ನಡೆದುದು ಐವತ್ತು ವರ್ಷಗಳ ಅನಂತರ, ೧೯೬೫ರಲ್ಲಿ. ಅಲೆಕ್ಸಾಂದರ್ ಸ್ವೆಶ್ನಿಕೊವ್ (೧೮೯೦–೧೯೮೦) ನಿರ್ದೇಶಿಸಿದ ಸೋವಿಯತ್ ಸರ್ಕಾರಿ ರಷ್ಯನ್ ವೃಂದದ ಈ ಗಾಯನವನ್ನು ‘ಮೆಲೋದಿಯಾ’ ಸಂಸ್ಥೆ ಮುದ್ರಿಸಿತು. ಕ್ಲಾರಾ ಕೊರ್ಕಾನ್ ಮತ್ತು ಕೊನ್ಸ್ತಾಂತಿನ್ ಒಗ್ನೆವೊಯ್ ಏಕಗಾಯಕರು. ಮಂದ್ರಕಂಠಗಳ ಗಾಂಭೀರ್ಯಕ್ಕಾಗಿ ಇದು ಇಂದಿಗೂ ಪ್ರಸಿದ್ಧ. ಆದರೆ ಸೋವಿಯತ್ ಸರ್ಕಾರದ ಧರ್ಮವಿರೋಧಿ ನೀತಿಯಿಂದಾಗಿ ಈ ಮುದ್ರಿಕೆ ರಫ್ತಿಗೆ ಹಾಗೂ ಖಾಸಗಿ ಅಧ್ಯಯನಕ್ಕೆ ಮೀಸಲಾಯಿತು. ದೇಶದೊಳಗಿನ ಅಂಗಡಿಗಳಲ್ಲಿ ಮಾರಾಟವಾಗಲಿಲ್ಲ. ಯಾರ ಅಜ್ಜ ಅಜ್ಜಿಯರು ಈ ಧಾಟಿಗಳನ್ನು ಚರ್ಚಿನಲ್ಲಿ ನಿಂತು ಕೇಳಿದ್ದರೋ ಅವರಿಗೇ ಅದನ್ನು ಕೊಳ್ಳುವ ಅವಕಾಶವಿರಲಿಲ್ಲ.

ಮರುವರ್ಷ ಬರ್ಲಿನ್ ಫಿಲ್‌ಹಾರ್ಮೊನಿಕ್ ವಾದ್ಯವೃಂದದೊಡನೆ ಹೆರ್ಬರ್ಟ್ ಫಾನ್ ಕರಾಯಾನ್ ಚೈಕೊವ್‌ಸ್ಕಿಯವರ ‘೧೮೧೨’ ಕೃತಿಯನ್ನು ಮುದ್ರಿಸಿದರು. ನೆಪೋಲಿಯನ್ನನ ಸೋಲನ್ನು ಸ್ಮರಿಸುವ, ೧೮೮೦ರಲ್ಲಿ ರಚಿತವಾದ ಈ ಕೃತಿ ಚರ್ಚಿನ ಪ್ರಾರ್ಥನಾಗೀತೆಯೊಂದರಿಂದ ಆರಂಭವಾಗುತ್ತದೆ. ಸಂಯೋಜಕರು ಅದನ್ನು ಎರಡು ವಿಯೋಲಾ ಹಾಗೂ ನಾಲ್ಕು ಚೆಲ್ಲೊಗಳಿಗೆ ವಹಿಸಿದ್ದರು. ಕರಾಯಾನ್ ಆ ಜಾಗದಲ್ಲಿ ಸೆರ್ಗೆಯ್ ಜಾರೋಫ್ ಅವರ ದೋನ್ ಕೊಸಾಕ್ ವೃಂದದಿಂದ ಹಾಡಿಸಿದರು. ಜಾರೋಫ್ ಸಿನೋದ್ ಗಾಯನಶಾಲೆಯಲ್ಲಿಯೇ ಕಲಿತವರು. ಅಂತರ್ಯುದ್ಧದಲ್ಲಿ ಸೋತು ದೇಶಬಿಟ್ಟ ಸೈನಿಕರನ್ನು ಕೂಡಿಸಿಕೊಂಡು ೧೯೨೧ರಲ್ಲಿ ತುರ್ಕಿಯ ನಿರಾಶ್ರಿತರ ಶಿಬಿರವೊಂದರಲ್ಲಿ ಅವರು ಈ ವೃಂದವನ್ನು ಕಟ್ಟಿದ್ದರು. ಹೀಗೆ ಒಂದೇ ಪರಂಪರೆ ಎರಡಾಗಿ ಒಡೆದು, ಒಂದು ಸರ್ಕಾರದ ಆಶ್ರಯದಲ್ಲಿ, ಇನ್ನೊಂದು ದೇಶಭ್ರಷ್ಟತೆಯಲ್ಲಿ ಉಳಿದುದಕ್ಕೆ ಈ ಎರಡು ಮುದ್ರಿಕೆಗಳು ಸಾಕ್ಷಿಯಾಗಿವೆ.

‘೧೮೧೨’ರ ಕೊನೆಯ ಭಾಗವೂ ಇಂಥದೇ ಚರಿತ್ರೆಯನ್ನು ಹೇಳುತ್ತದೆ. ಅಲ್ಲಿ ಬರುವ ಚಕ್ರವರ್ತಿಯ ಕಾಲದ ರಾಷ್ಟ್ರಗೀತೆಯನ್ನು ತೆಗೆದು, ಗ್ಲಿಂಕಾ ಅವರ ಗೀತನಾಟಕದ ಜಯಗೀತೆಯನ್ನು ಸೇರಿಸಿದ ಪಾಠ ಸೋವಿಯತ್ ಕಾಲದಲ್ಲಿ ಪ್ರಚಾರದಲ್ಲಿತ್ತು. ಇದನ್ನು ತಿಳಿಯದೆ ಆ ಕಾಲದ ಮುದ್ರಿಕೆಗಳನ್ನು ಆಲಿಸುವವರು ಸಂಪಾದಿತ ಪಾಠವನ್ನೇ ಮೂಲಪಾಠವೆಂದು ಭ್ರಮಿಸುವ ಸಾಧ್ಯತೆಯಿದೆ.

ಆಲಿಕೆಯ ಅಳತೆಗೋಲು

೧೯೭೯ರಲ್ಲಿ ಅಮೆರಿಕದ ಟೆಲಾರ್ಕ್ ಸಂಸ್ಥೆ ಹೊರತಂದ, ಎರಿಕ್ ಕುಂಜೆಲ್ ನಿರ್ದೇಶನದ ಸಿನ್ಸಿನಾಟಿ ವಾದ್ಯವೃಂದದ ‘೧೮೧೨’ ಡಿಜಿಟಲ್ ಧ್ವನಿಮುದ್ರಣದ ಆರಂಭಕಾಲದ ಹೆಗ್ಗುರುತು. ಅದರಲ್ಲಿನ ಫಿರಂಗಿಯ ಶಬ್ದದಿಂದ ಧ್ವನಿವರ್ಧಕಗಳಿಗೆ ಹಾನಿಯಾದೀತೆಂದು ಹೊದಿಕೆಯ ಮೇಲೆಯೇ ಎಚ್ಚರಿಕೆ ಮುದ್ರಿತವಾಗಿತ್ತು. ತಾಂತ್ರಿಕವಾಗಿ ಇದು ಸಾಧನೆಯೇ ಸರಿ. ಆದರೆ ಫಿರಂಗಿ ಎಷ್ಟೇ ಸ್ಫುಟವಾಗಿ ಕೇಳಿದರೂ ಅದೊಂದೇ ದನಿ. ಸ್ವೆಶ್ನಿಕೊವ್ ಅವರ ಮುದ್ರಿಕೆಯಲ್ಲಿ ಐದನೆಯ ಭಾಗದ ಕೊನೆ ಕೇಳಿಸುವಾಗ ಮೇಲಿನ ದನಿಗಳು ಕರಗುತ್ತಿರುವಂತೆಯೇ ಕೆಳಗಿನ ದನಿ ಇಳಿಯುವುದನ್ನು ಪ್ರತ್ಯೇಕವಾಗಿ ಹಿಂಬಾಲಿಸಬಹುದು. ಲಿನ್ಯೋವಾ ಮೇಣದ ಉರುಳೆಯಿಂದ ಬಯಸಿದ್ದುದೂ ಇದನ್ನೇ.

ಅಷ್ಟಾದರೂ ೧೯೬೫ರ ಮುದ್ರಿಕೆ ೧೯೧೫ರ ನಾದದ ದಾಖಲೆಯಲ್ಲ. ಅದರಲ್ಲಿ ಬಾಲಕರ ದನಿಗಳಿದ್ದ ಜಾಗದಲ್ಲಿ ಮಹಿಳೆಯರ ದನಿಗಳಿವೆ. ಚರ್ಚಿನ ಗಾಯಕರಿದ್ದ ಜಾಗದಲ್ಲಿ ಸಭಾಗಾಯನದ ಕಲಾವಿದರಿದ್ದಾರೆ. ಮುದ್ರಣ ಉತ್ತಮವಾದಷ್ಟೂ ಈ ಅಂತರ ಮರೆಯಾಗಿ, ಮುದ್ರಿಕೆಯೇ ಮೂಲವೆನಿಸುವ ಅಪಾಯ ಹೆಚ್ಚುತ್ತದೆ. ಆದಕಾರಣ ಗ್ರಂಥಾಲಯಗಳು ಇಂತಹ ಮುದ್ರಿಕೆಗಳನ್ನು ಸೂಚಿಗೆ ಸೇರಿಸುವಾಗ ಕೃತಿ ಮತ್ತು ಸಂಯೋಜಕರ ಹೆಸರಿನೊಡನೆ ಮುದ್ರಣದ ವರ್ಷ, ವೃಂದದ ರಚನೆ, ಬಳಸಿದ ಪಾಠ, ಮಾರಾಟವಾದ ದೇಶ ಇವನ್ನೂ ದಾಖಲಿಸುವುದು ಅವಶ್ಯಕ. ಹಾಡಿದವರು ಯಾರು, ಕೇಳಲು ಅವಕಾಶವಿದ್ದವರು ಯಾರು ಎಂಬುದು ತಿಳಿದಾಗ ಮಾತ್ರ ಧ್ವನಿಮುದ್ರಿಕೆಯೊಂದು ಚರಿತ್ರೆಯ ಆಕರವಾಗಿ ಪ್ರಯೋಜನಕ್ಕೆ ಬರುತ್ತದೆ.