ಕಬ್ಬಿಣದ ಕೋಲು, ನೆಲದ ಚೆಂಡು

ನಮ್ಮ ನಾಗಣಸೂರಿನ ಎರೆಭೂಮಿ ಜೋಳ ತೊಗರಿಗಳಿಗೆ ಒಗ್ಗಿದ್ದು. ಗಾಲ್ಫ್ ಆಟಕ್ಕೆ ಬೇಕಾದ ಹಸುರು ಹಾಸು ಇಲ್ಲಿಯದಲ್ಲ. ಆದರೂ ಈ ಸಲ ನಾವು ಆ ಆಟದ ಒಂದು ಏಟಿನ ಚರಿತ್ರೆಯನ್ನೇ ಆರಿಸಿಕೊಂಡಿದ್ದೇವೆ. ತಿದ್ದಿ ಕಲಿಸುವುದನ್ನೇ ವೃತ್ತಿಯಾಗಿಸಿಕೊಂಡವರಿಗೆ, ಒಂದು ಏಟು ನೂರು ಸಲವೂ ಒಂದೇ ಬಗೆಯಾಗಿ ಬೀಳಬೇಕಾದರೆ ಏನು ಬೇಕು ಎಂಬ ಪ್ರಶ್ನೆ ಪರಕೀಯವಲ್ಲ.

ಸ್ಕಾಟ್ಲೆಂಡಿನಲ್ಲಿ ಬೆಳೆದ ಈ ಆಟದಲ್ಲಿ ಚಿಕ್ಕ ಚೆಂಡನ್ನು ಕೋಲಿನಿಂದ ಹೊಡೆದು, ಆದಷ್ಟು ಕಡಿಮೆ ಏಟುಗಳಲ್ಲಿ ದೂರದ ಕುಳಿಗೆ ಸೇರಿಸಬೇಕು. ಮೊದಲು ಆಟವೆಲ್ಲ ಮರದ ತಲೆಯ ಕೋಲುಗಳದೇ. ಚೆಂಡೆಂದರೆ ತೊಗಲಿನ ಚೀಲದೊಳಗೆ ಗರಿಗಳನ್ನು ಗಿಡಿದು ಹೊಲಿದ ಉಂಡೆ; ಕಬ್ಬಿಣದ ಅಂಚು ತಗುಲಿದರೆ ಅದು ಹರಿದೇ ಹೋಗುತ್ತಿತ್ತು. ಆದುದರಿಂದ ಚೆಂಡು ಗಾಲಿಯ ಜಾಡಿನಲ್ಲೋ ಕಲ್ಲುಗಳ ಸಂದಿಯಲ್ಲೋ ಸಿಲುಕಿದಾಗ ಮಾತ್ರ ಕಬ್ಬಿಣದ ಕೋಲು ಹೊರಬರುತ್ತಿತ್ತು. 1848ರ ಸುಮಾರಿಗೆ ಮಲಯ ದೇಶದ ಒಂದು ಮರದ ಹಾಲಿನಿಂದ ಮಾಡಿದ ಗಟಾಪರ್ಚಾ ಚೆಂಡು ಬಂದಿತು. ಅದು ಅಗ್ಗ, ಗಟ್ಟಿ. ಸೇಂಟ್ ಆಂಡ್ರ್ಯೂಸ್ ಊರಿನ ಅಲನ್ ರಾಬರ್ಟ್‌ಸನ್ ಗರಿಚೆಂಡು ಹೊಲಿಯುವ ಕಸಬಿನವನು. ಹೊಸ ಚೆಂಡನ್ನು ಮೊದಲು ದ್ವೇಷಿಸಿದ. ಕೊನೆಗೆ ಅದರೊಂದಿಗೆ ರಾಜಿಯಾಗಿ, ಕುಳಿಯತ್ತ ಸಾಗಿಸುವ ಏಟಿಗೆ ಕಬ್ಬಿಣದ ಕೋಲನ್ನು ಹಿಡಿದು ದಾರಿ ತೋರಿದವನೂ ಅವನೇ.

ಈ ಕಬ್ಬಿಣದ ಏಟಿನ ಗುಟ್ಟು ಕಣ್ಣಿಗೆ ವಿಪರೀತವಾಗಿ ತೋರುತ್ತದೆ. ನಮ್ಮ ಹುಡುಗರು ಚಿನ್ನಿದಾಂಡು ಆಡುವಾಗ ಚಿನ್ನಿಯನ್ನು ಮೊದಲು ಚಿಮ್ಮಿಸಿ, ಆಮೇಲೆ ಗಾಳಿಯಲ್ಲಿ ಹೊಡೆಯುತ್ತಾರೆ. ಗಾಲ್ಫಿನ ಚೆಂಡಾದರೋ ಹುಲ್ಲಿಗೆ ಅಂಟಿಕೊಂಡೇ ಇರುತ್ತದೆ. ಹೊಸಬನು ಅದನ್ನು ಮೇಲಕ್ಕೆ ಎತ್ತಲು ಹೋಗಿ ಹಿಂಗಾಲಿನ ಮೇಲೆ ಭಾರ ಬಿಡುತ್ತಾನೆ. ಕೋಲು ಒಮ್ಮೆ ಚೆಂಡಿನ ಹಿಂದಿನ ಮಣ್ಣನ್ನು ಅಗೆಯುತ್ತದೆ, ಇನ್ನೊಮ್ಮೆ ಚೆಂಡಿನ ನೆತ್ತಿಯನ್ನು ಮಾತ್ರ ಸವರುತ್ತದೆ. ಬಲ್ಲವನು ಎತ್ತುವುದೇ ಇಲ್ಲ. ಭಾರವನ್ನು ಮುಂಗಾಲಿಗೆ ಸರಿಸಿ, ಕೈಗಳು ಕೋಲಿನ ತಲೆಗಿಂತ ಮುಂದಿರುವಂತೆ, ಇಳಿಮುಖವಾಗಿ ಹೊಡೆಯುತ್ತಾನೆ. ಮೊದಲು ಚೆಂಡು, ಬಳಿಕ ನೆಲ. ಕಿತ್ತ ಹುಲ್ಲಿನ ಗುರುತು ಚೆಂಡಿದ್ದ ಸ್ಥಳದ ಮುಂದೆ ಬಿದ್ದರೆ ಏಟು ಸರಿ; ಹಿಂದೆ ಬಿದ್ದರೆ ತಪ್ಪು. ಚೆಂಡನ್ನು ಮೇಲೇರಿಸುವ ಕೆಲಸ ಕೋಲಿನ ಓರೆಮುಖದ್ದು, ತೋಳಿನದಲ್ಲ.

ಆದರೆ ಉಪಕರಣವೇ ಚಂಚಲವಾಗಿದ್ದರೆ ಅಭ್ಯಾಸವೊಂದೇ ಏನು ಮಾಡೀತು? ಬಹುಕಾಲ ಕೋಲಿನ ದಂಡವನ್ನು ಹಿಕರಿ ಎಂಬ ಮರದಿಂದ ಮಾಡುತ್ತಿದ್ದರು. ಬೀಸಿದಾಗ ಅದು ಬಾಗುವುದಷ್ಟೇ ಅಲ್ಲ, ತಿರುಚಿಕೊಳ್ಳುತ್ತಲೂ ಇತ್ತು; ಆ ತಿರುಚನ್ನು ಮಣಿಕಟ್ಟಿನ ಚಳಕದಿಂದ ಸರಿದೂಗಿಸಬೇಕಾಗಿತ್ತು. ಒಂದು ಕೋಲಿನಂತೆ ಇನ್ನೊಂದಿರಲಿಲ್ಲ. ಅವುಗಳ ಹೆಸರುಗಳೂ ವಿಚಿತ್ರ: ಕ್ಲೀಕ್, ಮ್ಯಾಶಿ, ನಿಬ್ಲಿಕ್. 1920ರ ದಶಕದಲ್ಲಿ ಅಮೆರಿಕವು ಉಕ್ಕಿನ ದಂಡಕ್ಕೆ ಒಪ್ಪಿಗೆಯಿತ್ತಿತು. 1929ರಲ್ಲಿ ಸೇಂಟ್ ಆಂಡ್ರ್ಯೂಸಿನ ಸಂಸ್ಥೆಯೂ ಒಪ್ಪಿತು. ಬರಬರುತ್ತ ಹೆಸರು ಹೋಗಿ ಅಂಕಿ ಬಂದವು. ಉಕ್ಕು ಅಷ್ಟಾಗಿ ತಿರುಚದ ಕಾರಣ ಮಣಿಕಟ್ಟು ಸುಮ್ಮನಾಯಿತು, ಸೊಂಟವೂ ಕಾಲುಗಳೂ ಏಟನ್ನು ನಡೆಸತೊಡಗಿದವು.

ಈ ಹೊಸ ಬೀಸನ್ನು ರೂಢಿಗೆ ತಂದ ಇಬ್ಬರು ಬೈರನ್ ನೆಲ್ಸನ್ ಮತ್ತು ಬೆನ್ ಹೋಗನ್. ಇಬ್ಬರೂ ಟೆಕ್ಸಾಸಿನ ಒಂದೇ ಕ್ಲಬ್ಬಿನಲ್ಲಿ ಬಾಲ್ಯದಲ್ಲಿ ಕ್ಯಾಡಿಗಳಾಗಿದ್ದರು, ಅಂದರೆ ಉಳ್ಳವರ ಕೋಲಿನ ಚೀಲ ಹೊರುವ ಹುಡುಗರು. ನೆಲ್ಸನ್ 1945ರಲ್ಲಿ ಸಾಲಾಗಿ 11 ಪಂದ್ಯಾವಳಿಗಳನ್ನು ಗೆದ್ದ. 1949ರಲ್ಲಿ ಹೋಗನ್ನನ ಕಾರಿಗೆ ಬಸ್ಸು ಢಿಕ್ಕಿ ಹೊಡೆದು ಅವನ ಸೊಂಟದ ಎಲುಬು ಮುರಿಯಿತು. ಮರುವರ್ಷವೇ ಮೆರಿಯನ್ ಎಂಬಲ್ಲಿ, ನೋಯುವ ಕಾಲುಗಳನ್ನೆಳೆಯುತ್ತ, ನಾಲ್ಕನೆಯ ಸುತ್ತಿನ ಕೊನೆಯ ಕುಳಿಗೆ ಒಂದನೆಯ ನಂಬರಿನ ಕಬ್ಬಿಣದಿಂದ ಹೊಡೆದು ಸಮಬಲ ಸಾಧಿಸಿ, ಮರುದಿನ ಅಮೆರಿಕದ ಓಪನ್ ಗೆದ್ದ. ಆ ಕೋಲು ಕಳವಾಗಿ 1983ರಲ್ಲಿ ಮತ್ತೆ ಸಿಕ್ಕಿತು. ಅದರ ಮುಖದಲ್ಲಿ ನಾಣ್ಯದಷ್ಟಗಲದ ಒಂದೇ ಒಂದು ಸವೆತ! ಹೋಗನ್ 1957ರಲ್ಲಿ ಬರೆದ ‘ಫೈವ್ ಲೆಸನ್ಸ್’ ಪುಸ್ತಕದ ಮೊದಲ ಪಾಠ ಬೀಸಿನ ಕುರಿತದ್ದಲ್ಲ, ಕೋಲು ಹಿಡಿಯುವುದನ್ನು ಕುರಿತದ್ದು. ಐದನೆಯದು ಹಿಂದಿನ ಪಾಠಗಳ ಪುನರಾವರ್ತನೆ. ಬಳಪ ಹಿಡಿಯುವ ಬೆರಳನ್ನು ತಿದ್ದಿಯೇ ಅಕ್ಷರಕ್ಕೆ ಹೋಗುವ ನಮಗೆ ಇವನು ನಮ್ಮ ಟ್ರೇನಿಂಗ್ ಕಾಲೇಜಿನವನೇ ಇರಬೇಕೆನಿಸಿತು.

ನಮ್ಮ ದೇಶದಲ್ಲಿಯೂ ಈ ವಿದ್ಯೆ ಚೀಲ ಹೊರುವವರ ಕಣ್ಣಿಗೆ ಹತ್ತಿತು. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಬ್ರಿಟಿಷರ ಕಾಲದಲ್ಲಿ ಹುಟ್ಟಿದ್ದು. ಆಟ ಧಣಿಗಳದು, ಹೊರೆ ಹುಡುಗರದು. ಆದರೆ ಯಾವ ಕೋಲಿಗೆ ಚೆಂಡು ಎಷ್ಟು ದೂರ ಹೋಗುವುದೆಂದು ಧಣಿಗಿಂತ ಹುಡುಗನೇ ಚೆನ್ನಾಗಿ ಬಲ್ಲ. ಒಂದು ದಿನಕ್ಕೆ ನೂರಾರು ಏಟುಗಳನ್ನು, ಬಹುಪಾಲು ಕೆಟ್ಟವನ್ನೇ, ನೋಡಿದವನಲ್ಲವೆ? ತರಗತಿಯ ಬಾಗಿಲಾಚೆ ನಿಂತು ಮಗ್ಗಿ ಕಲಿತ ಮಕ್ಕಳನ್ನು ನಾವೂ ಕಂಡಿದ್ದೇವೆ. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991 ಮತ್ತು 1993ರಲ್ಲಿ ಇಂಡಿಯನ್ ಓಪನ್ ಗೆದ್ದರು. ಅದೇ ಪ್ರಶಸ್ತಿಯನ್ನು 2009ರಲ್ಲಿ ಬೆಂಗಳೂರಿನ ಸಿ. ಮುನಿಯಪ್ಪ ತಂದರು, ಅವರೂ ಕ್ಯಾಡಿಯಾಗಿದ್ದವರೇ.

ಬೆಂಗಳೂರಿನವರೇ ಆದ ಅದಿತಿ ಅಶೋಕ್ ಕಲಿತ ದಾರಿ ಬೇರೆ; ಅವರು ಚೀಲ ಹೊತ್ತು ಕಲಿತವರಲ್ಲ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಅವರ ಚೀಲವನ್ನು ತಂದೆ ಹೊತ್ತರು; 2021ರಲ್ಲಿ ಟೋಕಿಯೋದಲ್ಲಿ ತಾಯಿ ಹೊತ್ತರು. ಅಲ್ಲಿ ನಾಲ್ಕು ದಿನಗಳಲ್ಲಿ ಅದಿತಿ ಹೊಡೆದದ್ದು 269 ಏಟು. ಬೆಳ್ಳಿ ಕಂಚುಗಳನ್ನು ಪಡೆದವರು ಹೊಡೆದದ್ದು 268.